ಸೋಲಾರ್ ಹಾಕಿಸುವ ಮುಂಚೆ: ಪ್ಯಾನೆಲ್ ಹೊರುವ ಸ್ಟ್ರಕ್ಚರ್ ಯಾವುದಿರಬೇಕು?

ಮನೆ ಮೇಲೆ ಸೋಲಾರ್ ಹಾಕಿಸುವ ಮಾತು ಈಗ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಊರೂರಲ್ಲೂ ಕೇಳಿಸುತ್ತದೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾದ ಮೇಲಂತೂ ಜಾಸ್ತಿ. 1 ಕಿಲೋವ್ಯಾಟ್‌ಗೆ 30,000 ರೂಪಾಯಿ ಸಬ್ಸಿಡಿ, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಾದರೆ 78,000. ಈ ಲೆಕ್ಕ ಬಹಳ ಜನಕ್ಕೆ ಬಾಯಿಪಾಠವಾಗಿದೆ.

ಕೊಟೇಶನ್ ಕೈಗೆ ಬಂದಾಗ ಎಲ್ಲರೂ ನೋಡುವುದು ಪ್ಯಾನೆಲ್ ಯಾವ ಕಂಪನಿಯದು, ಇನ್ವರ್ಟರ್‌ಗೆ ಎಷ್ಟು ವರ್ಷ ವಾರಂಟಿ, ಒಟ್ಟು ಎಷ್ಟಾಯಿತು ಅನ್ನುವುದನ್ನು. ಮಧ್ಯದಲ್ಲಿ ‘ಸ್ಟ್ರಕ್ಚರ್’ ಅಂತ ಒಂದು ಸಾಲು ಇರುತ್ತದೆ. ಅದರ ಬಗ್ಗೆ ಕೇಳುವವರು ಕಡಿಮೆ. ಆದರೆ ಒಂದೇ ಕಂಪನಿಯ ಒಂದೇ ಪ್ಯಾನೆಲ್ ಒಬ್ಬರ ಮನೆ ಮೇಲೆ 25 ವರ್ಷ ಅಲುಗಾಡದೆ ನಿಲ್ಲಬಹುದು, ಇನ್ನೊಬ್ಬರ ಮನೆ ಮೇಲಿಂದ ಬೇಸಿಗೆಯ ಮೊದಲ ಬಿರುಗಾಳಿಗೇ ಎದ್ದು ಹೋಗಬಹುದು. ವ್ಯತ್ಯಾಸ ಇರುವುದು ಆ ಒಂದು ಸಾಲಿನಲ್ಲಿ.

## ಸ್ಟ್ರಕ್ಚರ್‌ನ ಕೆಲಸ ಏನು?

ಈಗ ಮನೆಗಳಿಗೆ ಸಾಮಾನ್ಯವಾಗಿ ಬರುವುದು 540–550 ವ್ಯಾಟ್‌ನ ಪ್ಯಾನೆಲ್. ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ತೂಕ 28ರಿಂದ 32 ಕೆ.ಜಿ. ಇಂಥ ಆರು ಪ್ಯಾನೆಲ್ ಸೇರಿದರೆ 3 ಕಿಲೋವ್ಯಾಟ್ ದಾಟುತ್ತದೆ. ಅದಕ್ಕೆ ನೆರಳಿಲ್ಲದ ಸುಮಾರು 300 ಚದರಡಿ ಜಾಗ ಬೇಕು. ವರ್ಷದ ಸರಾಸರಿ ನೋಡಿದರೆ ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಕರೆಂಟ್ ಬರುತ್ತದೆ.

ಈ ಪ್ಯಾನೆಲ್‌ಗಳನ್ನು ಹಿಡಿದು ನಿಲ್ಲಿಸುವ ಕಾಲು, ರೇಲು, ಕ್ಲ್ಯಾಂಪು, ಬೋಲ್ಟು ಎಲ್ಲ ಸೇರಿ ಸ್ಟ್ರಕ್ಚರ್. ಅದು ಪ್ಯಾನೆಲ್ಲನ್ನು ಬಿಸಿಲಿಗೆ ಸರಿಯಾಗಿ ಒಡ್ಡಬೇಕು. ನೆರಳಿನಿಂದ ದೂರ ಇಡಬೇಕು. ಗಾಳಿಗೆ ಹಾರದಂತೆ ಕಟ್ಟಡಕ್ಕೋ ನೆಲಕ್ಕೋ ಹಿಡಿದಿಡಬೇಕು. ಜೊತೆಗೆ ಇನ್ನೊಂದು ಕೆಲಸ ಇದೆ, ಅದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಬೇಕು.

ಯಾಕೆಂದರೆ ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಅದರ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಜಾಸ್ತಿಯಾದಾಗಲೂ ಉತ್ಪಾದನೆ ನೂರಕ್ಕೆ 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಬಿಸಿ 60 ಡಿಗ್ರಿ ಮುಟ್ಟಿದರೆ ನೂರಕ್ಕೆ ಹತ್ತಕ್ಕೂ ಜಾಸ್ತಿ ಹೋಯಿತು. ಹಾಗಾಗಿ ಪ್ಯಾನೆಲ್ಲನ್ನು ಶೀಟಿಗೋ ತಾರಸಿಗೋ ಅಂಟಿಸಿದಂತೆ ಕೂರಿಸಬಾರದು. ಕನಿಷ್ಠ ನಾಲ್ಕರಿಂದ ಆರು ಇಂಚು ಸಂದು ಇರಬೇಕು.

## ದಕ್ಷಿಣಕ್ಕೇ ಯಾಕೆ, ಎಷ್ಟು ಇಳಿಜಾರು?

ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಭೂಮಧ್ಯ ರೇಖೆಯಿಂದ ಉತ್ತರಕ್ಕೆ 13 ಡಿಗ್ರಿ ಚಿಲ್ಲರೆ ದೂರದಲ್ಲಿವೆ. ಪಾವಗಡ 14ರ ಹತ್ತಿರ. ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ, ಊರು ಎಷ್ಟು ಡಿಗ್ರಿಯಲ್ಲಿದೆಯೋ ಹೆಚ್ಚುಕಮ್ಮಿ ಅಷ್ಟೇ ಇಳಿಜಾರು ಕೊಡಬೇಕು ಎನ್ನುವುದು ಹಳೆಯ ಲೆಕ್ಕ. ವರ್ಷದ ಹೆಚ್ಚು ಕಾಲ ನಡು ಮಧ್ಯಾಹ್ನದ ಸೂರ್ಯ ನಮಗಿಂತ ದಕ್ಷಿಣಕ್ಕಿರುತ್ತಾನೆ. ಅಂದರೆ ನಮಗೆ 13ರಿಂದ 15 ಡಿಗ್ರಿ. ಏಳೂವರೆ ಅಡಿ ಉದ್ದದ ಪ್ಯಾನೆಲ್‌ನಲ್ಲಿ ಹಿಂದಿನ ಅಂಚು ಮುಂದಿನ ಅಂಚಿಗಿಂತ ಒಂದೂಮುಕ್ಕಾಲು ಅಡಿಯಷ್ಟು ಎತ್ತರ ಇದ್ದರೆ ಆ ಇಳಿಜಾರು ಸಿಗುತ್ತದೆ.

ಆದರೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಬಹಳ ಇಲ್ಲ. ದೆಹಲಿಯಲ್ಲಿ ಚಳಿಗಾಲದ ಸೂರ್ಯ ಕೆಳಗೆ ಬೀಳುತ್ತಾನೆ, ಅಲ್ಲಿ ಇಳಿಜಾರು ತಪ್ಪಿದರೆ ನಷ್ಟ ಕಾಣುತ್ತದೆ. ನಮ್ಮಲ್ಲಿ ಡಿಸೆಂಬರ್‌ನ ನಡು ಮಧ್ಯಾಹ್ನವೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ನೆಟ್ಟಗೆ ತಲೆ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಅಂಗಳದಲ್ಲಿ ಕಂಬ ನಿಲ್ಲಿಸಿ ನೋಡುವುದು ಇದನ್ನೇ. ಆ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ನಡು ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೇ ಇರುತ್ತಾನೆ!

ಹಾಗಾಗಿ ಇಳಿಜಾರು 10 ಇದ್ದರೂ 18 ಇದ್ದರೂ ವರ್ಷದ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಒಂದೆರಡರ ವ್ಯತ್ಯಾಸ ಅಷ್ಟೇ. ದಕ್ಷಿಣಕ್ಕೆ ಜಾಗ ಇಲ್ಲದಿದ್ದರೆ ಅರ್ಧ ಪ್ಯಾನೆಲ್ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ ಹಾಕಿಸಬಹುದು. ಹತ್ತು ಡಿಗ್ರಿ ಇಳಿಜಾರಿನಲ್ಲಿ ನಷ್ಟ ನೂರಕ್ಕೆ ಮೂರರಿಂದ ಐದರ ಆಸುಪಾಸು. ಬೆಳಗ್ಗೆ, ಸಂಜೆ ಕರೆಂಟ್ ಸ್ವಲ್ಪ ಜಾಸ್ತಿ ಬರುತ್ತದೆ, ನಡು ಮಧ್ಯಾಹ್ನ ಸ್ವಲ್ಪ ಕಡಿಮೆ. ಉತ್ತರಕ್ಕೆ ಕಡಿದಾಗಿ ವಾಲಿಸುವುದು ಮಾತ್ರ ಬೇಡ.

ಪೂರ್ತಿ ಚಪ್ಪಟೆಯಾಗಿಯೂ ಇಡಬಾರದು. ಇಳಿಜಾರು ಹತ್ತು ಡಿಗ್ರಿಗಿಂತ ಕಡಿಮೆಯಾದರೆ ಮಳೆ ನೀರು ಧೂಳನ್ನು ತೊಳೆದುಕೊಂಡು ಹೋಗುವುದಿಲ್ಲ. ಕೆಳ ಅಂಚಿನಲ್ಲಿ ಕೆಸರಿನ ಗೆರೆ ಕಟ್ಟುತ್ತದೆ. ಕೆಳಗಿನ ಸಾಲಿನ ಸೆಲ್‌ಗಳಿಗೆ ಅದೇ ನೆರಳಾಗುತ್ತದೆ.

## ನೆರಳು: ಎಲ್ಲಕ್ಕಿಂತ ದೊಡ್ಡ ನಷ್ಟ ಇಲ್ಲೇ

ಇಳಿಜಾರಿನಲ್ಲಿ ಐದು ಡಿಗ್ರಿ ತಪ್ಪಿದರೆ ಏನೂ ಆಗುವುದಿಲ್ಲ. ಒಂದು ತೆಂಗಿನ ಗರಿಯ ನೆರಳು ದಿನಾ ಬಿದ್ದರೆ ಬಹಳ ಆಗುತ್ತದೆ. ಪ್ಯಾನೆಲ್ ಒಳಗಿನ ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ತೋಟಕ್ಕೆ ನೀರು ಬಿಟ್ಟಾಗ ಪೈಪಿನ ಒಂದು ಕಡೆ ಕಾಲಿಟ್ಟು ತುಳಿದರೆ ಮುಂದಕ್ಕೆ ಹೋಗುವ ನೀರೆಲ್ಲ ಕಡಿಮೆಯಾಗುತ್ತದೆ ಅಲ್ವಾ, ಇಲ್ಲೂ ಹಾಗೇ. ನೆರಳಲ್ಲಿರುವ ಒಂದು ಸೆಲ್ ಉಳಿದವುಗಳ ಕರೆಂಟನ್ನೂ ತಡೆಯುತ್ತದೆ. ಇದಕ್ಕೆ ಪರಿಹಾರವಾಗಿ ಪ್ಯಾನೆಲ್‌ನಲ್ಲಿ ಡಯೋಡ್‌ಗಳನ್ನು ಇಟ್ಟಿರುತ್ತಾರೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗುತ್ತದೆ. ಆದರೂ ಆ ಭಾಗದ್ದು ಪೂರ್ತಿ ನಷ್ಟವೇ.

ತಿಪಟೂರು, ಗುಬ್ಬಿ ಕಡೆ ಮನೆ ಪಕ್ಕದ ತೆಂಗಿನ ಮರ, ಪೇಟೆ ಮನೆಗಳಲ್ಲಿ ನೀರಿನ ಟ್ಯಾಂಕು, ಪ್ಯಾರಾಪೆಟ್ ಗೋಡೆ, ಪಕ್ಕದವರು ಮುಂದೆ ಎಬ್ಬಿಸಬಹುದಾದ ಮಹಡಿ, ಇವಿಷ್ಟನ್ನೂ ಮೊದಲೇ ನೋಡಬೇಕು. ಲೆಕ್ಕ ಸುಲಭ. ನಮ್ಮಲ್ಲಿ ನೆರಳು ಉತ್ತರಕ್ಕೆ ಬಹಳ ಉದ್ದ ಚಾಚುವುದು ಡಿಸೆಂಬರ್ ಕೊನೆಯಲ್ಲಿ. ಆಗ ಬೆಳಗ್ಗೆ 9 ಗಂಟೆಗೆ ದಕ್ಷಿಣದ ಗೋಡೆಯ ನೆರಳು ಉತ್ತರಕ್ಕೆ ಹೆಚ್ಚುಕಮ್ಮಿ ಗೋಡೆಯ ಎತ್ತರದಷ್ಟೇ ದೂರ ಬರುತ್ತದೆ. ಗೋಡೆ ಪ್ಯಾನೆಲ್‌ನ ಕೆಳ ಅಂಚಿಗಿಂತ ಎರಡು ಅಡಿ ಮೇಲಿದ್ದರೆ ಎರಡು ಅಡಿ ದೂರ ಬಿಡಿ. ಎರಡು ಸಾಲು ಪ್ಯಾನೆಲ್ ಹಾಕುವಾಗಲೂ ಇದೇ. ಮುಂದಿನ ಸಾಲಿನ ಹಿಂಬದಿ ಎಷ್ಟು ಎದ್ದಿದೆಯೋ ಅಷ್ಟು ಅಂತರ ಸಾಲುಗಳ ನಡುವೆ ಇರಲಿ. ಪೂರ್ವ, ಪಶ್ಚಿಮದ ಅಡ್ಡಿಗಳಿಗೆ ಸ್ವಲ್ಪ ಜಾಸ್ತಿ ಬಿಡಬೇಕು.

## ಗಾಳಿ ಎಳೆಯುವ ಲೆಕ್ಕ

ಸ್ಟ್ರಕ್ಚರ್ ಅಂದರೆ ತೂಕ ಹೊರುವ ಸ್ಟ್ಯಾಂಡ್ ಅಂದುಕೊಳ್ಳುವುದು ಸಹಜ. ಆದರೆ ತೂಕ ಇಲ್ಲಿ ಸಣ್ಣ ವಿಷಯ. ಪ್ಯಾನೆಲ್, ಸ್ಟ್ರಕ್ಚರ್ ಎಲ್ಲ ಸೇರಿ ಒಂದು ಚದರ ಮೀಟರ್‌ಗೆ 15–20 ಕೆ.ಜಿ. ಆಗುತ್ತದೆ. ಜನ ಓಡಾಡುವ ಆರ್‌ಸಿಸಿ ತಾರಸಿಯನ್ನು ಒಂದು ಚದರ ಮೀಟರ್‌ಗೆ ಸುಮಾರು 150 ಕೆ.ಜಿ. ಹೊರುವಂತೆ ಕಟ್ಟಬೇಕೆಂದು ನಿಯಮ ಇದೆ. ಸರಿಯಾಗಿ ಕಟ್ಟಿದ ತಾರಸಿಗೆ ಇದು ಭಾರವೇ ಅಲ್ಲ.

ನಿಜವಾದ ಪರೀಕ್ಷೆ ಗಾಳಿಯದು. ಕಟ್ಟಡಗಳಿಗೆ ಗಾಳಿ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ವೇಗ ಹಿಡಿಯುತ್ತಾರೆ. ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ವೇಗದ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 65 ಕೆ.ಜಿ. ಒತ್ತಡ ಹಾಕಬಲ್ಲದು. ನಮ್ಮ ಪ್ಯಾನೆಲ್‌ನ ವಿಸ್ತೀರ್ಣ ಎರಡೂವರೆ ಚದರ ಮೀಟರ್‌ಗೂ ಸ್ವಲ್ಪ ಜಾಸ್ತಿ. ಪೂರ್ತಿ ಒತ್ತಡ ಬಿದ್ದರೆ ಒಂದು ಪ್ಯಾನೆಲ್ಲಿಗೆ ಸುಮಾರು 170 ಕೆ.ಜಿ. ಪ್ಯಾನೆಲ್‌ನ ಸ್ವಂತ ತೂಕವೋ 30 ಕೆ.ಜಿ. ಗಾಳಿ ಹಿಂದಿನಿಂದ ನುಗ್ಗಿದರೆ ಅದು ಮೇಲಕ್ಕೇ ಏಳಲು ನೋಡುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿ ದ್ರಾಕ್ಷಿ ಚಪ್ಪರ, ಪಾಲಿಹೌಸ್‌ಗಳಿಗೆ ಏನು ಮಾಡುತ್ತದೆ ಅಂತ ಚಿಕ್ಕಬಳ್ಳಾಪುರದ ರೈತರಿಗೆ ಹೇಳಬೇಕಿಲ್ಲ.

ಮುಂದೆ ಬರುವ ಒಂದೊಂದು ವಿಧಾನವನ್ನೂ ಈ ಎಳೆತದ ಲೆಕ್ಕ ಇಟ್ಟುಕೊಂಡೇ ನೋಡಿ.

## ಆರ್‌ಸಿಸಿ ತಾರಸಿ: ತಗ್ಗೋ, ಎತ್ತರವೋ?

ತಾರಸಿಗೆ ಎರಡು ದಾರಿ. ಒಂದು, ಒಂದೆರಡು ಅಡಿ ಎತ್ತರದ ತಗ್ಗು ಸ್ಟ್ರಕ್ಚರ್. ಕಬ್ಬಿಣ ಕಡಿಮೆ, ಖರ್ಚು ಕಡಿಮೆ, ಗಾಳಿಗೆ ಸಿಕ್ಕುವುದೂ ಕಡಿಮೆ. ಒರೆಸಲು ಸುಲಭ. ಆದರೆ ತಾರಸಿಯ ಅಷ್ಟು ಜಾಗ ಹೋಯಿತು.

ಇನ್ನೊಂದು, ಏಳೆಂಟು ಅಡಿ ಎತ್ತರಕ್ಕೆ ಕಂಬ ನಿಲ್ಲಿಸಿ ಮೇಲೆ ಪ್ಯಾನೆಲ್ ಹಾಕುವುದು. ಬಟ್ಟೆ ಒಣಗಿಸಲು, ಸಂಡಿಗೆ, ಮೆಣಸಿನಕಾಯಿ ಹರಡಲು ಉಳಿದ ತಾರಸಿ, ಕೂರಲು ಪ್ಯಾನೆಲ್ ಕೆಳಗಿನ ನೆರಳು, ಎರಡೂ ಸಿಗುತ್ತವೆ. ಪ್ಯಾರಾಪೆಟ್ ನೆರಳಿನ ಕಾಟವೂ ತಪ್ಪುತ್ತದೆ. ನಮ್ಮ ಕಡೆ ಜನ ಇದನ್ನೇ ಇಷ್ಟಪಡುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ಎತ್ತರ ಜಾಸ್ತಿಯಾದಷ್ಟೂ ಗಾಳಿ ಕಂಬದ ಬುಡವನ್ನು ಹೆಚ್ಚು ಬಲವಾಗಿ ಮೀಟುತ್ತದೆ. ಹಾಗಾಗಿ ದಪ್ಪ ಕಂಬ, ಕಂಬಗಳ ನಡುವೆ ಓರೆಯಾಗಿ ಬಿಗಿದ ಪಟ್ಟಿ, ಬುಡಕ್ಕೆ ಅಗಲವಾದ ಪ್ಲೇಟು ಬೇಕೇ ಬೇಕು. ಇವನ್ನು ಕಡಿತ ಮಾಡಿ ಬೆಲೆ ಇಳಿಸಿದವರ ಕೊಟೇಶನ್ ಸೋವಿ ಅಲ್ಲ.

ಕಂಬದ ಬುಡ ಎಲ್ಲಿ ಬರುತ್ತದೆ ಅನ್ನುವುದೂ ಮುಖ್ಯ. ಸ್ಲ್ಯಾಬ್‌ನ ನಟ್ಟನಡುವೆ ಕೂರಿಸುವುದಕ್ಕಿಂತ ಕೆಳಗೆ ಬೀಮ್ ಅಥವಾ ಪಿಲ್ಲರ್ ಇರುವ ಕಡೆ ಕೂರಿಸಬೇಕು. ಮುಂದಿನ ಮಹಡಿಗೆ ಅಂತ ಕಂಬಿ ಬಿಟ್ಟಿರುವ ಮನೆಗಳಲ್ಲಿ ಪಿಲ್ಲರ್ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಅಂಥ ಮನೆಯವರು ಇನ್ನೊಂದು ಮಾತು ಯೋಚಿಸಬೇಕು. ಐದು ವರ್ಷದಲ್ಲಿ ಮೇಲೊಂದು ಮಹಡಿ ಕಟ್ಟುವ ಆಸೆ ಇದ್ದರೆ ವೆಲ್ಡಿಂಗ್ ಮಾಡಿದ ಸ್ಟ್ರಕ್ಚರ್ ಬೇಡ, ಬೋಲ್ಟ್ ಹಾಕಿದ್ದೇ ಇರಲಿ. ಬಿಚ್ಚಿ ಮೇಲಕ್ಕೆ ಸಾಗಿಸಬಹುದು.

ತಾರಸಿಗೆ ಹಿಡಿದಿಡಲು ಮತ್ತೆ ಎರಡು ರೀತಿ. ಸ್ಲ್ಯಾಬ್‌ಗೆ ತೂತು ಕೊರೆದು ಆಂಕರ್ ಬೋಲ್ಟ್ ಹಾಕುವುದು ಒಂದು. ತೂತಿನಲ್ಲಿ ಗಟ್ಟಿಯಾಗುವ ಅಂಟು ತುಂಬಿ ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಚೆನ್ನಾಗಿ ಹಿಡಿಯುತ್ತದೆ, ತೂತೂ ಮುಚ್ಚುತ್ತದೆ. ಆಮೇಲೆ ಬುಡದ ಸುತ್ತ ಸಿಮೆಂಟ್ ದಿಂಡು ಕಟ್ಟಿ ವಾಟರ್‌ಪ್ರೂಫಿಂಗ್ ಮಾಡಬೇಕು. ತೂತೇ ಬೇಡ ಅನ್ನುವವರಿಗೆ ಕಾಂಕ್ರೀಟ್ ಬ್ಲಾಕ್‌ಗಳ ಭಾರದ ಮೇಲೆ ನಿಲ್ಲಿಸುವ ಪದ್ಧತಿ ಇದೆ. ಸೋರುವ ಭಯ ಇಲ್ಲ. ಆದರೆ ಒಂದು ಪ್ಯಾನೆಲ್‌ಗೆ ಗಾಳಿ ಎಳೆಯುವ ಲೆಕ್ಕ ಮೇಲೆ ನೋಡಿದೆವು. ಅದನ್ನು ಸುಮ್ನೆ ನಾಲ್ಕು ಇಟ್ಟಿಗೆ ತಡೆಯುವುದಿಲ್ಲ. ಬ್ಲಾಕ್ ಪದ್ಧತಿ ತಗ್ಗು ಸ್ಟ್ರಕ್ಚರ್‌ಗೆ, ಸುತ್ತ ಗೋಡೆಯ ಮರೆ ಇರುವ ತಾರಸಿಗೆ ಮಾತ್ರ ಸರಿ. ಎಂಟಡಿ ಎತ್ತರದ್ದನ್ನು ಬ್ಲಾಕ್ ಮೇಲೆ ನಿಲ್ಲಿಸುತ್ತೇವೆ ಅಂದರೆ ಒಪ್ಪಬೇಡಿ.

## ಶೀಟು, ಹೆಂಚು, ಕಲ್ಲು ಚಪ್ಪಡಿ

ಲೋಹದ ಶೀಟಿನ ಶೆಡ್‌ಗೆ ಸ್ಟ್ರಕ್ಚರ್ ಸರಳ. ಶೀಟಿನ ಇಳಿಜಾರೇ ಪ್ಯಾನೆಲ್‌ನ ಇಳಿಜಾರು. ಅಲ್ಯೂಮಿನಿಯಂನ ತುಂಡು ರೇಲುಗಳನ್ನು ಶೀಟಿನ ಉಬ್ಬಿನ ಮೇಲೆ ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಹಾಕುತ್ತಾರೆ. ನೀರು ಹರಿಯುವ ತಗ್ಗಿನಲ್ಲಿ ಸ್ಕ್ರೂ ಬಿದ್ದರೆ ಸೋರುವುದು ಖಾತ್ರಿ. ಸ್ಕ್ರೂ ಬರೀ ಶೀಟನ್ನು ಕಚ್ಚಿಕೊಂಡಿದ್ದರೂ ಸಾಲದು, ಕೆಳಗಿನ ಕಬ್ಬಿಣದ ಅಡ್ಡ ಪಟ್ಟಿಗೆ ಹಿಡಿದರೆ ಗಟ್ಟಿ. ಶೆಡ್‌ನ ಟ್ರಸ್, ಅಂದರೆ ಶೀಟನ್ನು ಹೊತ್ತ ಚೌಕಟ್ಟು, ಎಷ್ಟು ಹೊರುತ್ತದೆ ಅಂತ ಮೊದಲೇ ಇಂಜಿನಿಯರ್ ಹತ್ತಿರ ನೋಡಿಸಬೇಕು.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳು ಮನೆಗಳಿಗೆ ಇದರಿಂದ ಇನ್ನೊಂದು ಉಪಯೋಗ ಇದೆ. ಹುಳುವಿಗೆ 24ರಿಂದ 28 ಡಿಗ್ರಿ ಬೇಕು. ಬಿಸಿಲು ಶೀಟಿಗೆ ನೇರ ಬೀಳುವುದನ್ನು ಪ್ಯಾನೆಲ್ ತಡೆದರೆ, ಸಂದಿನಲ್ಲಿ ಗಾಳಿ ಆಡಿದರೆ, ಒಳಗಿನ ಬಿಸಿ ಕಡಿಮೆಯಾಗುತ್ತದೆ.

ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್, ಬೇರೆ ಕಥೆ. ಅದರ ಮೇಲೆ ಕಾಲಿಟ್ಟರೇ ಒಡೆಯುತ್ತದೆ. ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ. ಅದಕ್ಕೆ ಪ್ಯಾನೆಲ್ ಹಿಡಿಸಬಾರದು. ಹೆಂಚಿನ ಮನೆಯಲ್ಲಿ ಹೆಂಚು ಸರಿಸಿ, ಕೆಳಗಿನ ಮರಕ್ಕೆ ಕೊಕ್ಕೆ ಹಾಕಿ ರೇಲು ಕೂರಿಸಬಹುದು. ಮರ ಗಟ್ಟಿ ಇದ್ದರೆ ಮಾತ್ರ.

ನಮ್ಮ ಭಾಗದ ಹಳೆ ಮನೆಗಳಲ್ಲಿ ಕಲ್ಲು ಚಪ್ಪಡಿ ಹೊದಿಸಿದ ಮಾಳಿಗೆ ಬಹಳ. ಬೇರೆ ಊರಿನಿಂದ ಬರುವ ಸೋಲಾರ್ ಕೆಲಸದವರಿಗೆ ಇದರ ಅನುಭವ ಕಡಿಮೆ ಇರಬಹುದು. ಕಲ್ಲು ಎಷ್ಟೇ ಗಟ್ಟಿ ಇದ್ದರೂ ಬಾಗುವ ಒತ್ತಡವನ್ನು ಅಷ್ಟಾಗಿ ತಡೆಯುವುದಿಲ್ಲ. ಎರಡು ಗೋಡೆ ಮೇಲೆ ಕೂತ ಚಪ್ಪಡಿಯ ನಡುವೆ ಹ್ಯಾಮರ್ ಡ್ರಿಲ್ ಇಟ್ಟು ಕುಟ್ಟಿದರೆ ಬಿರುಕು ಬಿಡಬಹುದು. ಚಪ್ಪಡಿಗಳ ಸಂದಿಗೆ ಮೆತ್ತಿದ ಗಾರೆಯೂ ಅದುರಿ ಸೋರಲು ಶುರುವಾಗುತ್ತದೆ. ಇಲ್ಲಿ ಮಾಡಬೇಕಾದದ್ದು ಗೋಡೆಯಿಂದ ಗೋಡೆಗೆ ಕಬ್ಬಿಣದ ಬೀಮ್ ಹಾಸಿ, ಭಾರವನ್ನೂ ಎಳೆತವನ್ನೂ ಗೋಡೆಗೇ ದಾಟಿಸುವುದು. ಗೋಡೆ ಮಣ್ಣಿನದಾಗಿದ್ದರೆ ಮಾಳಿಗೆ ಬಿಟ್ಟು ಹಿತ್ತಲಿನಲ್ಲಿ ನೆಲದ ಮೇಲೆ ಹಾಕಿಸುವುದು ಒಳ್ಳೆಯದು.

## ಹೊಲದಲ್ಲಿ, ನೆಲದ ಮೇಲೆ

ನೆಲದ ಮೇಲಿನ ಸೋಲಾರ್‌ಗೆ ನಮ್ಮ ಜಿಲ್ಲೆಗಳಲ್ಲೇ ದೊಡ್ಡ ಉದಾಹರಣೆಗಳಿವೆ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್ ಘಟಕ ಹಾಕಿದ್ದು 2010ರ ಹೊತ್ತಿಗೆ, ದೇಶದಲ್ಲಿ ದೊಡ್ಡ ಸೋಲಾರ್ ಘಟಕಗಳು ಇನ್ನೂ ಬೆರಳೆಣಿಕೆಯಷ್ಟಿದ್ದಾಗ. ಅದಾಗಿ ಹತ್ತು ವರ್ಷದೊಳಗೆ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದಿತು. ಸುಮಾರು 13,000 ಎಕರೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಗೆ ಗುತ್ತಿಗೆ ಕೊಟ್ಟರು.

ನೆಲದಲ್ಲಿ ಕಂಬ ನಿಲ್ಲಿಸುವ ರೀತಿ ಮಣ್ಣನ್ನು ಅವಲಂಬಿಸುತ್ತದೆ. ಆಳವಾದ ಮಣ್ಣಿದ್ದರೆ ಯಂತ್ರದಿಂದ ಕಬ್ಬಿಣದ ಕಂಬವನ್ನು ನೇರ ಬಡಿದು ಇಳಿಸಬಹುದು. ಆದರೆ ನಮ್ಮ ಕಡೆ ಎರಡಡಿ ಅಗೆದರೆ ಬಂಡೆ ಸಿಗುವ ಜಾಗ ಬಹಳ. ಅಲ್ಲಿ ಕಂಬ ಇಳಿಯುವುದಿಲ್ಲ, ಬಾಗುತ್ತದೆ. ಬಂಡೆ ಕೊರೆದು, ಕಂಬಿ ಇಟ್ಟು, ಸಿಮೆಂಟ್ ತುಂಬಬೇಕು. ಖರ್ಚು ಏರುತ್ತದೆ, ಹಿಡಿತ ಮಾತ್ರ ಬಹಳ ಗಟ್ಟಿ. ಸಡಿಲ ಮಣ್ಣಾದರೆ ಗುಂಡಿ ತೋಡಿ ಕಾಂಕ್ರೀಟ್ ಹಾಕುವುದೇ ಸರಿ.

ನೆಲದ ಮೇಲೆ ಹಾಕಿದಾಗ ಸುತ್ತಲೂ ಗಾಳಿ ಆಡುವುದರಿಂದ ಪ್ಯಾನೆಲ್ ತಂಪಾಗಿರುತ್ತದೆ. ಕೈಗೆ ಸಿಗುವಂತಿರುವುದರಿಂದ ತೊಳೆಯಲೂ ಸುಲಭ. ದನ, ಕುರಿ, ಕಳ್ಳರ ಕೈಗೂ ಅಷ್ಟೇ ಸುಲಭ, ಬೇಲಿ ಬೇಕು. ಹುಲ್ಲು ಬೆಳೆದು ಕೆಳ ಅಂಚಿಗೆ ನೆರಳಾಗದಂತೆ ಎರಡಡಿಯಾದರೂ ಎತ್ತರ ಇರಲಿ.

## ಸೂರ್ಯನ ಜೊತೆ ತಿರುಗುವ ಸ್ಟ್ರಕ್ಚರ್

ಇದಕ್ಕೆ ಟ್ರ್ಯಾಕರ್ ಅನ್ನುತ್ತಾರೆ. ಮೋಟಾರು ಪ್ಯಾನೆಲ್ಲನ್ನು ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ವಾಲಿಸುತ್ತದೆ. ನಮ್ಮ ದೇಶದ ಬಿಸಿಲಿಗೆ ಹೀಗೆ ಪೂರ್ವ–ಪಶ್ಚಿಮಕ್ಕೆ ಮಾತ್ರ ತಿರುಗುವ ಟ್ರ್ಯಾಕರ್‌ನಿಂದ ನೂರಕ್ಕೆ 15ರಿಂದ 20ರಷ್ಟು ಜಾಸ್ತಿ ಕರೆಂಟ್ ಬರುತ್ತದೆ. ಉತ್ತರ–ದಕ್ಷಿಣಕ್ಕೂ ವಾಲುವ ಟ್ರ್ಯಾಕರ್ ಆದರೆ ಇನ್ನೂ ಸ್ವಲ್ಪ.

ಮನೆಗೆ ಬೇಕಾ? ಲೆಕ್ಕ ಹಾಕಿ. 3 ಕಿಲೋವ್ಯಾಟ್‌ನಿಂದ ದಿನಕ್ಕೆ 12 ಯೂನಿಟ್. ಟ್ರ್ಯಾಕರ್ ಹಾಕಿದರೆ ಎರಡು ಯೂನಿಟ್ ಮೇಲೆ. ಅದೇ ಎರಡು ಯೂನಿಟ್ಟನ್ನು ಇನ್ನೊಂದೇ ಒಂದು ಪ್ಯಾನೆಲ್ ಕೊಡುತ್ತದೆ. ಅದಕ್ಕೆ ಮೋಟಾರಿಲ್ಲ, ಬೇರಿಂಗ್ ಇಲ್ಲ, ರಿಪೇರಿ ಇಲ್ಲ. ನೂರಾರು ಎಕರೆಯ ಘಟಕದಲ್ಲಿ ನೋಡಿಕೊಳ್ಳಲು ಜನ ಇರುತ್ತಾರೆ, ಅಲ್ಲಿ ಟ್ರ್ಯಾಕರ್ ಲಾಭ ಕೊಡಬಹುದು. ಮನೆ ತಾರಸಿಗೆ ಬೇಡವೇ ಬೇಡ.

ಬೋರ್‌ವೆಲ್‌ನ ಸೋಲಾರ್ ಪಂಪ್‌ಗೆ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಕೈಯಲ್ಲೇ ತಿರುಗಿಸುವ ಸ್ಟ್ರಕ್ಚರ್‌ಗಳು ಬರುತ್ತವೆ. ಬೆಳಗ್ಗೆ ಪೂರ್ವಕ್ಕೆ ತಿರುಗಿಸಿದರೆ ಪಂಪ್ ಬೇಗ ನೀರೆತ್ತಲು ಶುರು ಮಾಡುತ್ತದೆ, ಸಂಜೆ ಪಶ್ಚಿಮಕ್ಕೆ ತಿರುಗಿಸಿದರೆ ಇನ್ನಷ್ಟು ಹೊತ್ತು ಓಡುತ್ತದೆ. ದಿನಾ ತೋಟದಲ್ಲೇ ಇರುವವರಿಗೆ ಇದು ಖರ್ಚಿಲ್ಲದ ಲಾಭ. ತಿರುಗಿಸಿದ ಮೇಲೆ ಲಾಕ್ ಹಾಕಲು ಮರೆಯಬಾರದು, ಇಲ್ಲದಿದ್ದರೆ ಗಾಳಿಯೇ ತಿರುಗಿಸುತ್ತದೆ.

## ಬೆಳೆಯ ಮೇಲೆ, ನೀರಿನ ಮೇಲೆ

ಪ್ಯಾನೆಲ್ಲನ್ನು ಎಂಟು–ಹತ್ತು ಅಡಿ ಎತ್ತರಕ್ಕೆ, ಸಾಲುಗಳ ನಡುವೆ ಅಂತರ ಬಿಟ್ಟು ನಿಲ್ಲಿಸಿ ಕೆಳಗೆ ಬೆಳೆ ತೆಗೆಯುವ ಪದ್ಧತಿಯೂ ಇದೆ. ಸೊಪ್ಪು, ಶುಂಠಿ, ಅರಿಶಿನ ಅರೆ ನೆರಳು ತಡೆಯುತ್ತವೆ. ರಾಗಿಗೆ ಪೂರ್ತಿ ಬಿಸಿಲು ಬೇಕು. ಟ್ರ್ಯಾಕ್ಟರ್ ತಿರುಗಲು ಜಾಗ ಉಳಿಯಬೇಕು ಅನ್ನುವುದನ್ನು ಕಂಬ ನೆಡುವ ಮುಂಚೆಯೇ ಅಳೆಯಬೇಕು.

ಎರಡೂ ಮುಖದಲ್ಲಿ ಬೆಳಕು ಹೀರುವ ಪ್ಯಾನೆಲ್ಲನ್ನು ಬೇಲಿಯ ಜಾಗದಲ್ಲಿ ನೆಟ್ಟಗೆ ನಿಲ್ಲಿಸುವುದು ಇನ್ನೊಂದು. ಬೆಳಗ್ಗೆ ಒಂದು ಮುಖ, ಸಂಜೆ ಇನ್ನೊಂದು ಮುಖ ಕೆಲಸ ಮಾಡುತ್ತದೆ. ಧೂಳು ಕೂರುವುದಿಲ್ಲ. ಆದರೆ ತಲೆ ಮೇಲೆ ಸೂರ್ಯ ಇರುವ ನಮ್ಮ ಮಧ್ಯಾಹ್ನದ ಬೆಳಕು ಬಹಳಷ್ಟು ಕೈತಪ್ಪುತ್ತದೆ.

ತೆಲಂಗಾಣದ ರಾಮಗುಂಡಂ ಜಲಾಶಯದ ಮೇಲೆ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ 100 ಮೆಗಾವ್ಯಾಟ್‌ನ ತೇಲುವ ಘಟಕ ಮಾಡಿದೆ. ನೀರಿನ ತಂಪು ಪ್ಯಾನೆಲ್‌ಗೆ ಒಳ್ಳೆಯದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಕೋಲಾರದ ಕೆರೆಗಳ ಮೇಲೂ ಯಾಕೆ ಮಾಡಬಾರದು ಅಂತ ಕೇಳುವವರಿರಬಹುದು. ತೇಲುವ ಘಟಕಕ್ಕೆ ವರ್ಷವಿಡೀ ಕನಿಷ್ಠ ಒಂದು ಮಟ್ಟಕ್ಕಾದರೂ ನೀರು ಬೇಕು. ನೀರು ಇಳಿದು ಏರಿದಂತೆ ಹಗ್ಗ, ಲಂಗರು ಹೊಂದಿಕೊಳ್ಳಬೇಕು. ಬೇಸಿಗೆಯಲ್ಲಿ ತಳ ಕಾಣುವ ಕೆರೆಗೆ ಇದು ಹೊಂದುವುದಿಲ್ಲ.

## ಕಬ್ಬಿಣ, ಸತುವು, ಬೋಲ್ಟು

ಕಡೆಗೆ ಕೊಟೇಶನ್‌ನ ಆ ಸಾಲಿಗೆ ಬರೋಣ. ‘ಜಿಐ ಸ್ಟ್ರಕ್ಚರ್’ ಅಂತ ಬರೆದಿದ್ದರೆ ಯಾವ ಜಿಐ ಅಂತ ಕೇಳಿ. ಜಿಐ ಅಂದರೆ ತುಕ್ಕು ಹಿಡಿಯದಂತೆ ಸತುವಿನ ಪದರ ಕೊಟ್ಟ ಕಬ್ಬಿಣ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವನ್ನು ಹಾಟ್ ಡಿಪ್ ಅನ್ನುತ್ತಾರೆ. ಅದರ ಸತುವಿನ ಪದರ ದಪ್ಪ, ಸಾಮಾನ್ಯವಾಗಿ 80 ಮೈಕ್ರಾನ್ ಕೇಳುತ್ತಾರೆ. ಮಾರುಕಟ್ಟೆಯ ಮಾಮೂಲಿ ಜಿಐ ಪೈಪಿನ ಪದರ ಬಹಳ ತೆಳು. ಕರಿ ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಬಳಿದು ಕೊಡುವವರೂ ಇದ್ದಾರೆ, ಅದು ಕೆಲವೇ ವರ್ಷಕ್ಕೆ ತುಕ್ಕು ಬಿಡುತ್ತದೆ.

ತಾರಸಿ ಮೇಲೆ ಕತ್ತರಿಸಿ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತುವು ಸುಟ್ಟು ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಾಗಾಗಿ ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಆಮೇಲೆ ಸತುವಿನಲ್ಲಿ ಅದ್ದಿದ ತುಂಡುಗಳನ್ನು ಬೋಲ್ಟ್‌ನಿಂದ ಜೋಡಿಸುವುದು ಉತ್ತಮ. ಎಲ್ಲಾದರೂ ವೆಲ್ಡಿಂಗ್ ಮಾಡಲೇಬೇಕಾದರೆ ಅದರ ಮೇಲೆ ಸತುವಿನ ಬಣ್ಣ ಬಳಿಸಿ. ಬೋಲ್ಟು, ನಟ್ಟು, ಕ್ಲ್ಯಾಂಪು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಇಡೀ ಸ್ಟ್ರಕ್ಚರ್‌ಗೆ ಅರ್ಥಿಂಗ್ ಇರಲೇಬೇಕು.

ತೊಳೆಯಲು ಹತ್ತಿ ಹೋಗುವ ದಾರಿಯನ್ನೂ ಈಗಲೇ ಕೇಳಿ. ಎತ್ತರದ ಸ್ಟ್ರಕ್ಚರ್‌ಗೆ ಏಣಿ, ಪ್ಯಾನೆಲ್ ಪಕ್ಕ ನಡೆಯಲು ಪಟ್ಟಿ ಇಲ್ಲದಿದ್ದರೆ ಆಮೇಲೆ ಯಾರೂ ಹತ್ತುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು, ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ತೊಳೆದು ಒರೆಸಬೇಕು, ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಪಿಎಂ ಸೂರ್ಯ ಘರ್ ಅಡಿ ಕೆಲಸ ಮಾಡುವ ಏಜೆನ್ಸಿ ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ಅದರಲ್ಲಿ ಸ್ಟ್ರಕ್ಚರ್‌ನ ಬೋಲ್ಟ್ ಬಿಗಿ ಮಾಡುವುದೂ ಸೇರಿದೆ ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಿ. ವರ್ಷಕ್ಕೆ ಒಂದು ಸಲ, ಮಾರ್ಚ್‌ನಲ್ಲಿ, ಏಪ್ರಿಲ್‌ನ ಗಾಳಿ ಶುರುವಾಗುವ ಮುಂಚೆ ಅವರನ್ನು ಕರೆಸಿ.